ಕತ್ತರಿ ಅಕ್ಕ ಹೇಳಿದ ಪಕ್ಷದ ಕಥೆ

ದೊಡ್ಡಮ್ಮನಿಗೆ ಸಿಟ್ಟು ಬಂದಾಗ ದನಿ ತಗ್ಗುತ್ತದೆ. ಕೂಗಾಡುವ ಸಿಟ್ಟು ನಮ್ಮಮ್ಮನದು. ಪಾತ್ರೆ ಕುಕ್ಕಿ, ಬಾಗಿಲು ಬಡಿದು, ಸ್ವಲ್ಪ ಹೊತ್ತಿಗೆ ತಣ್ಣಗಾಗುವಂಥದ್ದು. ಅವಳ ಅಕ್ಕನ ಸಿಟ್ಟು ಬೇರೆ ಜಾತಿಯದು. ಮಾತು ಸಣ್ಣದಾಗುತ್ತದೆ, ಒಂದೊಂದೇ ಪದ ಬಿಡಿಸಿಟ್ಟ ಹಾಗೆ ಬರುತ್ತದೆ, ಎದುರಿಗೆ ಕೂತವರು ಕುರ್ಚಿಯ ತುದಿಗೆ ಸರಿಯುತ್ತಾರೆ. ಆ ಸಿಟ್ಟು ಪೂರ್ತಿ ಆರಿದ್ದನ್ನು ನಾನಂತೂ ಕಂಡಿಲ್ಲ.

ಅವಳು ಅಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದವಳು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ತೋಳು, ಬೆನ್ನು, ಕಾಲರು ಗುರುತು ಮಾಡಿ, ಯಂತ್ರದ ಅಲಗಿನಿಂದ ಒಂದೇ ಸಲಕ್ಕೆ ಅಷ್ಟನ್ನೂ ಕೊಯ್ಯಬೇಕು. ಕೈ ಕೂದಲೆಳೆಯಷ್ಟು ಜಾರಿದರೂ ರಾಶಿ ಅಂಗಿ ಹಾಳು. ಎಡಗೈಯ ತೋರುಬೆರಳಿನ ತುದಿ ಆ ಮೇಜಿಗೇ ಹೋಯಿತು. ಪಕ್ಷದಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಅನ್ನುತ್ತಿದ್ದರು. ಅದು ಕೆಲಸ ನೋಡಿ ಇಟ್ಟ ಹೆಸರೋ ನಾಲಿಗೆ ನೋಡಿ ಇಟ್ಟದ್ದೋ ಅಂತ ಕೇಳಿದರೆ ಹಳಬರು ನಕ್ಕು ಮಾತು ಬದಲಿಸುತ್ತಿದ್ದರು.

ಅವಳು ಪಕ್ಷ ಸೇರಿದ್ದು ಭಾಷಣ ಕೇಳಿ ಅಲ್ಲ. ಆಗ ಇನ್ನೂ ಎಳೆಯ ವಯಸ್ಸು, ಕಾರ್ಖಾನೆಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಹೆಂಗಸರು ಕೆಲಸದ ನಡುವೆ ಹೊರಗೆ ಹೋಗಬಾರದು ಅಂತ ಮೇಸ್ತ್ರಿ ಹೊರಗಿನಿಂದ ಬೀಗ ಹಾಕುತ್ತಿದ್ದ. ಒಂದು ಮಧ್ಯಾಹ್ನ ಬಟ್ಟೆಯ ಉಗ್ರಾಣದಿಂದ ಹೊಗೆ ಬಂತು. ಒಳಗಿದ್ದವರು ಬಾಗಿಲು ಬಡಿದರು. ಮೇಸ್ತ್ರಿಗೆ ಬೀಗದ ಕೈ ಸಿಗಲಿಲ್ಲ, ಅಥವಾ ಯಜಮಾನರನ್ನು ಕೇಳದೆ ತೆಗೆಯುವ ಧೈರ್ಯ ಬರಲಿಲ್ಲ. ಎದುರಿನ ಬೀದಿಯಲ್ಲಿ ಕರಪತ್ರ ಹಂಚುತ್ತಿದ್ದ ಪಕ್ಷದ ಹೆಂಗಸೊಬ್ಬಳು ಓಡಿಬಂದು, ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕೆಯಿಂದ ಚಿಲಕ ಮೀಟಿದಳು. ಯಾರೂ ಸಾಯಲಿಲ್ಲ. ಆ ಹೆಂಗಸನ್ನು ಮಾತ್ರ ಸೊತ್ತು ಹಾಳುಮಾಡಿದಳು ಅಂತ ಪೊಲೀಸರು ಹಿಡಿದುಕೊಂಡು ಹೋದರು. ಅವಳನ್ನು ನೋಡಲು ಠಾಣೆಗೆ ಹೋದ ದೊಡ್ಡಮ್ಮ ವಾಪಸು ಬರುವಾಗ ಪಕ್ಷದ ಸದಸ್ಯೆಯಾಗಿದ್ದಳು.

ಮುಂದೆ ಅವಳಿಗೆ ಪಕ್ಷ ಒಂದು ಕೆಲಸ ಒಪ್ಪಿಸಿತು. ಹೊಸದಾಗಿ ಸೇರಿದವರಿಗೆ ಭಾನುವಾರ ಬೆಳಿಗ್ಗೆ ಪಕ್ಷದ ಚರಿತ್ರೆ, ಸಿದ್ಧಾಂತ ಹೇಳಿಕೊಡಬೇಕು. ಪಕ್ಷದ ಹಳೇ ಕಚೇರಿಯ ಮಹಡಿ, ಮಡಚುವ ಕುರ್ಚಿಗಳು, ತಿರುಗಿದಾಗಲೆಲ್ಲ ಕಿರುಗುಟ್ಟುವ ಫ್ಯಾನು. ಚಿಕ್ಕವಳಿದ್ದಾಗ ನಾನೂ ಹೋಗಿ ಕೊನೆಯ ಸಾಲಲ್ಲಿ ಕೂರುತ್ತಿದ್ದೆ. ಅಮ್ಮನಿಗೆ ಹೇಳದೆ.

ಅವಳು ಹೇಳುತ್ತಿದ್ದುದು ಹೀಗೆ. ಪಕ್ಷ ಹುಟ್ಟಿದ್ದು ನೂಲಿನ ಗಿರಣಿಯ ಗೇಟಿನಲ್ಲಿ. ಹುಟ್ಟಿಸಿದವರು ಗಿರಣಿಯ ಕೆಲಸಗಾರರು, ಕೆಲವು ಶಾಲಾ ಮೇಷ್ಟ್ರುಗಳು, ಮನೆಯಲ್ಲಿ ಜಗಳವಾಡಿ ಬಂದ ಒಂದಿಬ್ಬರು ಸಾಹುಕಾರರ ಮಕ್ಕಳು. ಅವರು ಒಪ್ಪಿಕೊಂಡ ಮಾತು ಮೂರೇ: ದುಡಿದವನಿಗೆ ದುಡಿಮೆಯ ಫಲದಲ್ಲಿ ಪಾಲಿರಬೇಕು, ಹುಟ್ಟಿನಿಂದ ಯಾರೂ ಮೇಲಲ್ಲ, ಅಧಿಕಾರದಲ್ಲಿ ಕೂತವರು ಕೇಳಿದಾಗ ಉತ್ತರ ಕೊಡಬೇಕು. "ಇಷ್ಟಕ್ಕೇ ಎಲ್ಲರೂ ಒಂದೇ ಮನಸ್ಸಿನವರಾಗಿದ್ದರು ಅಂದ್ಕೋಬೇಡಿ" ಅನ್ನುತ್ತಿದ್ದಳು. "ಮೊದಲ ದಿನದಿಂದ ಎರಡು ಗುಂಪಿತ್ತು. ಗಿರಣಿ ಕೆಲಸಗಾರರದೇ ಆಗಬೇಕು ಅನ್ನೋರು ಒಂದು. ಗಿರಣಿ ಯಜಮಾನನ ಹತ್ರಾನೇ ಇರಲಿ, ಕಾನೂನು ನಮ್ಮ ಕೈಲಿರಲಿ ಅನ್ನೋರು ಇನ್ನೊಂದು. ಗೆದ್ದದ್ದು ಎರಡನೆಯವರು. ಸರಿಯಾಗಿತ್ತಾ ತಪ್ಪಾಗಿತ್ತಾ ಅಂತ ನಾನು ಹೇಳಲ್ಲ. ಗೆದ್ದದ್ದು ಅವರು, ಅಷ್ಟೇ."

ಆಮೇಲೆ ಪಕ್ಷ ಮೊದಲ ಸಲ ಸರ್ಕಾರ ಮಾಡಿದ್ದು, ಎಂಟು ಗಂಟೆಯ ಕೆಲಸ, ಹೆರಿಗೆ ರಜೆ, ಹೆಣ್ಣುಮಕ್ಕಳಿಗೆ ಊರೂರಲ್ಲಿ ಪ್ರೌಢಶಾಲೆ. ಇದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಅದೇ ಉಸಿರಿನಲ್ಲಿ, ದನಿ ತಗ್ಗಿಸಿ, ಅದೇ ಸರ್ಕಾರ ಬಸ್ ಡಿಪೋದ ಮುಷ್ಕರದ ಮೇಲೆ ಗುಂಡು ಹಾರಿಸಿದ್ದನ್ನು ಹೇಳುತ್ತಿದ್ದಳು. ಇಬ್ಬರು ಸತ್ತರು. ಹಲವರು ಕುಂಟರಾದರು. ಪಕ್ಷ ಒಡೆದು ಹೋಳಾಯಿತು. ಉಳಿದ ಹೋಳು ಸೋತಿತು, ಮತ್ತೆ ಗೆದ್ದಿತು, ಗೆದ್ದಮೇಲೆ ಗಿರಣಿಗಳನ್ನು ಖಾಸಗಿಯವರಿಗೆ ಮಾರಿತು. "ಇಷ್ಟೂ ನಮ್ಮದೇ. ಬೇಕಾದ್ದು ಇಟ್ಕೊಂಡು ಬೇಡದ್ದು ಪಕ್ಕದ ಮನೆ ಅಂಗಳಕ್ಕೆ ಎಸೆಯೋ ಹಾಗಿಲ್ಲ."

ಗುಂಡೇಟಿನಿಂದ ಕುಂಟರಾದವರಲ್ಲಿ ನಮ್ಮಪ್ಪನೂ ಒಬ್ಬ.

ಅಪ್ಪ ಡಿಪೋದಲ್ಲಿ ಫಿಟ್ಟರ್ ಆಗಿದ್ದ. ಗುಂಡು ಬಲಮಂಡಿಗೆ ಬಿತ್ತು. ಆಮೇಲೆ ಕೆಲಸ ಹೋಯಿತು. ಮನೆಯ ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಹೊಲಿಗೆ ಯಂತ್ರ ರಿಪೇರಿ ಮಾಡಲು ಶುರುಮಾಡಿದ. ಅಪ್ಪನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಅಥವಾ ಅವನ ಪಾಲಿನ ಸಿಟ್ಟನ್ನೂ ಅಮ್ಮನೇ ಗುತ್ತಿಗೆ ಹಿಡಿದಿದ್ದಳು. ಪಕ್ಷದ ಬಾವುಟ ಬೀದಿಯಲ್ಲಿ ಹೋದರೆ ಅವಳು ಕಿಟಕಿ ಹಾಕುತ್ತಿದ್ದಳು. ಅಂಥ ಮನೆಗೆ ವಾರಕ್ಕೊಮ್ಮೆ ಊಟಕ್ಕೆ ಬರುವ ಅಕ್ಕ ಎದೆಯ ಮೇಲೆ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡೇ ಬರುತ್ತಿದ್ದಳು.

ಅವರಿಬ್ಬರ ಜಗಳ ನನಗೆ ಬಾಯಿಪಾಠ.

"ಇವಳು ಹುಟ್ಟಿದಾಗ ಸಂಬಳದ ಸಮೇತ ರಜೆ ತಗೊಂಡು ಮನೇಲಿ ಮಲಗಿದ್ದೆಯಲ್ಲ" ಅಂತ ದೊಡ್ಡಮ್ಮ ನನ್ನತ್ತ ಬೆರಳು ಮಾಡುತ್ತಿದ್ದಳು. "ಆ ಕಾನೂನು ಯಾರು ತಂದದ್ದು?"

"ಅದೇ ರಜೇಲಿ ಮಲಗಿದ್ದಾಗ ತಾನೇ ಇವಳಪ್ಪನ್ನ ಹಲಗೆ ಮೇಲೆ ಹಾಕ್ಕೊಂಡು ಬಂದದ್ದು" ಅನ್ನುತ್ತಿದ್ದಳು ಅಮ್ಮ. "ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ್ರೆ ಅದಕ್ಕೆ ಕೈ ಮುಗೀಬೇಕಾ?"

"ಮುಗಿ ಅಂದ್ನಾ? ಎರಡೂ ಕೈ ನೋಡು ಅಂದೆ."

ಅಪ್ಪ ಯಂತ್ರದ ಹೊಟ್ಟೆಯೊಳಗೆ ಎಣ್ಣೆ ಬಿಡುತ್ತಾ ಕಿವಿ ಕೇಳದವನ ಹಾಗೆ ಕೂತಿರುತ್ತಿದ್ದ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ದೊಡ್ಡಮ್ಮ ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಪಕ್ಷದ ಶತಮಾನೋತ್ಸವ ಬಂತು. ಹಳೇ ಕಚೇರಿಗೆ ಸುಣ್ಣಬಣ್ಣ ಬಳಿದು, ಕೆಳಗಿನ ದೊಡ್ಡ ಕೋಣೆಯಲ್ಲಿ ಚರಿತ್ರೆಯ ಪ್ರದರ್ಶನ ಮಾಡಿದರು. ಗೋಡೆ ತುಂಬ ಫೋಟೋ, ಕೆಳಗೆ ಬರಹ, ದೀಪಗಳು. ನೋಡಲು ಬಂದವರಿಗೆ ವಿವರಿಸಲು ಒಬ್ಬರು ಬೇಕಿತ್ತು. ಪಕ್ಷದ ಕಾರ್ಯದರ್ಶಿ ದೊಡ್ಡಮ್ಮನ ತರಗತಿಯಲ್ಲೇ ಕಲಿತವನು. ಗುಂಡೇಟಿನ ಪಾಠದ ದಿನ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿ, ಅತ್ತು ಕಣ್ಣು ಕೆಂಪು ಮಾಡಿಕೊಂಡು ಹೋದವನು. ಅವನೇ ಮನೆಗೆ ಬಂದು, "ಅಕ್ಕ, ನೀವಿಲ್ಲದೆ ಆಗಲ್ಲ" ಅಂದ. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಮೊದಲ ದಿನ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು.

ಅವಳು ಗೋಡೆಯ ಒಂದು ತುದಿಯಿಂದ ಓದುತ್ತಾ ಬಂದಳು. ಮಧ್ಯಕ್ಕೆ ಬರುವಷ್ಟರಲ್ಲಿ ನಡಿಗೆ ನಿಧಾನವಾಯಿತು. ಗೋಡೆಯ ಪ್ರಕಾರ ಪಕ್ಷ ಹುಟ್ಟಿದಾಗಿನಿಂದ 'ಎಲ್ಲರಿಗೂ ಅವಕಾಶ' ಅನ್ನುವ ಒಂದೇ ತತ್ವವನ್ನು ನಂಬಿಕೊಂಡು ಬಂದಿದೆ. ಗಿರಣಿ ಗೇಟಿನ ಫೋಟೋ ಇದೆ, ಗಿರಣಿಯಲ್ಲಿ ಪಾಲು ಕೇಳಿದ ಮಾತಿಲ್ಲ. ಪಕ್ಷ ಒಡೆದದ್ದಕ್ಕೆ 'ಕೆಲವರ ಸ್ವಾರ್ಥ' ಕಾರಣ. ಗಿರಣಿ ಮಾರಿದ್ದು 'ದೂರದೃಷ್ಟಿಯ ಹೆಜ್ಜೆ'. ಡಿಪೋ ಇಲ್ಲವೇ ಇಲ್ಲ. ಆ ವರ್ಷದ ಜಾಗದಲ್ಲಿ ಒಂದು ಶಾಲೆಯ ಉದ್ಘಾಟನೆಯ ಚಿತ್ರ, ಬಿಳಿ ರಿಬ್ಬನ್ ಕಟ್ಟಿಕೊಂಡ ಹುಡುಗಿಯರು.

"ಯಾರು ಬರೆದದ್ದು ಇದನ್ನ?" ಅಂದಳು, ಪಿಸುಮಾತಿನಲ್ಲಿ.

ಕಾರ್ಯದರ್ಶಿ, "ಜಾಹೀರಾತು ಕಂಪನಿಯವರು ಅಕ್ಕ. ಚೆನ್ನಾಗಿದೆ ಅಲ್ವಾ?" ಅಂದ.

"ಸೋಪು ಮಾರೋರ ಕೈಲಿ ಪಕ್ಷದ ಚರಿತ್ರೆ ಬರೆಸಿದ್ದೀಯ. ನೊರೆ ಚೆನ್ನಾಗಿ ಬಂದಿದೆ."

ಅವನು ನಕ್ಕ. ಅವಳು ನಗಲಿಲ್ಲ.

ಗೋಡೆಯ ಬರಹ ಬದಲಿಸಲು ಅವಳು ಕೇಳಿದಳು. ಆಗಲಿ ನೋಡೋಣ ಅಂದರು. ನೋಡಲಿಲ್ಲ. ಅವಳು ತನ್ನ ಪಾಡಿಗೆ ತಾನು, ಬಂದವರನ್ನು ಗೋಡೆಯ ಮುಂದೆ ನಿಲ್ಲಿಸಿ, "ಇಲ್ಲಿ ಹೀಗೆ ಬರೆದಿದೆ, ಓದ್ಕೊಳ್ಳಿ. ಈಗ ನಡೆದದ್ದು ಕೇಳಿ" ಅಂತ ಶುರುಮಾಡುತ್ತಿದ್ದಳು. ಬಿಳಿ ರಿಬ್ಬನ್ನಿನ ಫೋಟೋ ಎದುರು ನಿಂತು ಡಿಪೋದ ಕಥೆ ಹೇಳುತ್ತಿದ್ದಳು. ಶಾಲೆಗಳ ಬಗ್ಗೆಯೂ ಹೇಳುತ್ತಿದ್ದಳು, ಗೋಡೆಗಿಂತ ಚೆನ್ನಾಗಿ. ಜನ ನಿಂತು ಕೇಳಿದರು, ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದರು. ಆ ಮಾತು ಮೇಲಿನವರ ಕಿವಿಗೂ ಬಿತ್ತು.

ಒಂದು ದಿನ ನಾನು ಕೆಲಸ ಮುಗಿಸಿ ಅವಳನ್ನು ಕರೆದುಕೊಂಡು ಬರಲು ಹೋದಾಗ ಕಾರ್ಯದರ್ಶಿ ಅವಳ ಮುಂದೆ ಕೈ ಹಿಸುಕುತ್ತಾ ನಿಂತಿದ್ದ.

"ಅಕ್ಕ, ನಾನು ಸುಳ್ಳು ಹೇಳಿ ಅಂತಿಲ್ಲ. ಎಲ್ಲಾನೂ ಹೇಳಬೇಕು ಅಂತ ಏನಿದೆ? ಹಬ್ಬದ ಮನೇಲಿ ನಿಂತು ಸಾವಿನ ಸುದ್ದಿ ಓದ್ತಾರಾ?"

"ಹಬ್ಬದ ಮನೆ ಅಂತ ಬೋರ್ಡು ಹಾಕು, ನಾನು ಬಾಯಿ ಮುಚ್ಕೊಂಡಿರ್ತೀನಿ. ನೀನು ಹಾಕಿರೋದು ಚರಿತ್ರೆ ಅಂತ."

"ವಿರೋಧ ಪಕ್ಷದವರ ಕೈಗೆ ಕೋಲು ಕೊಡ್ತಿದ್ದೀರಿ."

"ಕೋಲು ಮಾಡಿದ್ದು ನಾವು. ಅವತ್ತೇ ಯೋಚನೆ ಮಾಡಬೇಕಿತ್ತು." ಅವಳ ದನಿ ಆಗಲೇ ಕೇಳಿಸದಷ್ಟು ತಗ್ಗಿತ್ತು. "ನನ್ನ ತರಗತೀಲಿ ಕೂತು ಅತ್ತವನು ನೀನು. ಆ ಕಣ್ಣೀರು ಯಾವ ಕಂಪನಿ ಕೈಲಿ ಮಾಡಿಸಿದ್ದು?"

ಮರುದಿನ ಅವಳ ಜಾಗಕ್ಕೆ ಇನ್ನೊಬ್ಬರು ಬಂದರು. ವಯಸ್ಸಾಗಿದೆ, ವಿಶ್ರಾಂತಿ ತೆಗೆದುಕೊಳ್ಳಲಿ ಅಂತ ಹೇಳಿ ಕಳಿಸಿದರು. ವಿಶ್ರಾಂತಿ ಅನ್ನುವ ಪದವನ್ನು ದೊಡ್ಡಮ್ಮ ಆಮೇಲೆ ಬೈಗುಳದ ಹಾಗೆ ಬಳಸತೊಡಗಿದಳು. ಹಾಲು ಉಕ್ಕಿಹೋದರೆ, "ವಿಶ್ರಾಂತಿ ತಗೊಳ್ತಿದ್ಯಾ?" ಅಂತ ನನ್ನನ್ನು ಕೇಳುತ್ತಿದ್ದಳು.

ಸುದ್ದಿ ಗೊತ್ತಾದದ್ದೇ ತಡ, ವಿರೋಧ ಪಕ್ಷಕ್ಕೆ ಬೇಕಾದ ಒಂದು ಟಿವಿ ಚಾನೆಲ್ಲಿನ ವರದಿಗಾರ್ತಿ ಕ್ಯಾಮೆರಾ ಸಮೇತ ನಮ್ಮ ಮನೆಗೇ ಬಂದಳು. ಆವತ್ತು ದೊಡ್ಡಮ್ಮ ಊಟಕ್ಕೆ ಬಂದಿದ್ದಳು. ಅಮ್ಮ ಅವರನ್ನು ಸಂಭ್ರಮದಿಂದ ಒಳಗೆ ಕರೆದು ಕುರ್ಚಿ ಹಾಕಿದಳು. ಕೊನೆಗಾದರೂ ಅಕ್ಕ ಪಕ್ಷದ ಮುಖಕ್ಕೆ ಮಸಿ ಬಳಿಯುತ್ತಾಳೆ ಅಂತ ಅವಳ ಆಸೆ.

ದೊಡ್ಡಮ್ಮ ಗಿರಣಿ ಗೇಟಿನಿಂದ ಶುರುಮಾಡಿದಳು. ವರದಿಗಾರ್ತಿ, "ಅಮ್ಮಾ, ಗೋಲಿಬಾರಿಗೆ ಬರೋಣ" ಅಂದಳು.

"ಬರ್ತೀನಿ. ದಾರೀಲಿ ಶಾಲೆ ಇದೆ, ಹೆರಿಗೆ ರಜೆ ಇದೆ. ಹಾರಿ ಬರೋಕೆ ಆಗಲ್ಲ."

ಅವಳು ತನ್ನ ದಾರಿಯಲ್ಲೇ ಬಂದು, ಡಿಪೋದ ಕಥೆ ಪೂರ್ತಿ ಹೇಳಿದಳು.

"ಗುಂಡು ಹಾರಿಸೋಕೆ ಆಗಿನ ಮುಖ್ಯ ನಾಯಕರೇ ಹೇಳಿದ್ದು ಅಂತ ಒಂದು ಮಾತು ಹೇಳಿಬಿಡಿ" ಅಂದಳು ವರದಿಗಾರ್ತಿ.

"ಪೊಲೀಸರನ್ನ ಕಳಿಸಿದ್ದು ಸರ್ಕಾರ. ಹೊಡೀರಿ ಅಂದದ್ದು ಯಾರು ಅಂತ ಗೊತ್ತಿಲ್ಲ. ವಿಚಾರಣೇನೇ ಮಾಡಲಿಲ್ಲ. ಗೊತ್ತಿಲ್ಲದ್ದು ನನ್ನ ಬಾಯಲ್ಲಿ ಬರಲ್ಲ." ಆಮೇಲೆ ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಇನ್ನೊಂದು ಗೊತ್ತಿದೆ, ಅದನ್ನ ಬರ್ಕೊಳ್ಳಿ. ಮಾರನೇ ದಿನ ವಿಧಾನಸಭೇಲಿ, ಸರ್ಕಾರ ಮಾಡಿದ್ದು ಸರಿ, ಇನ್ನೂ ಬಿಗಿಯಾಗಿರಬೇಕಿತ್ತು ಅಂತ ಮೇಜು ಕುಟ್ಟಿದ್ದು ನಿಮ್ಮವರು. ಇಡೀ ಸಾಲು ಕುಟ್ಟಿತ್ತು."

ವರದಿಗಾರ್ತಿ ತಲೆಯಾಡಿಸಿದಳು. ಕ್ಯಾಮೆರಾದವನು ತನ್ನ ತಂತಿ ಸುತ್ತಿಕೊಂಡ.

ಟಿವಿಯಲ್ಲಿ ಬಂದದ್ದು ಊಟದ ತಟ್ಟೆ ತೊಳೆದು ಮುಗಿಸುವಷ್ಟೂ ಹೊತ್ತಿರಲಿಲ್ಲ. ಗಿರಣಿ ಇಲ್ಲ, ಶಾಲೆ ಇಲ್ಲ, ಮೇಜು ಕುಟ್ಟಿದ್ದಂತೂ ಇಲ್ಲವೇ ಇಲ್ಲ. 'ಇಬ್ಬರು ಸತ್ತರು', 'ನಮ್ಮ ಸರ್ಕಾರವೇ', 'ಹಲವರು ಕುಂಟರಾದರು'. ಮಧ್ಯೆ ಮಧ್ಯೆ ಅಳುವ ಸಂಗೀತ. ಕೊನೆಗೆ ನಮ್ಮಪ್ಪನ ಕಾಲು. ಅಪ್ಪನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಅಪ್ಪ ಟಿವಿಯಲ್ಲಿ ತನ್ನ ಮಂಡಿ ನೋಡಿದವನು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಆವತ್ತು ನಾನು ನೋಡಿದ ಹಾಗೆ ಅಮ್ಮನ ಸಿಟ್ಟು ಮೊದಲ ಸಲ ದಿಕ್ಕು ಬದಲಿಸಿತು. "ಕಳ್ಳ ಮುಂಡೇವು" ಅಂದಳು ಟಿವಿಗೆ. "ನಾನೇ ಕುರ್ಚಿ ಹಾಕಿ ಕೂರಿಸಿದ್ನಲ್ಲ."

ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ಅವರು ಅರ್ಧ ಹರಿದರು, ಇವರು ಇನ್ನರ್ಧ ಹರಿದರು" ಅಂದಳು. "ನಾನು ಇಬ್ಬರಿಗೂ ಇಡೀ ಬಟ್ಟೆ ಕೊಟ್ಟಿದ್ದೆ."

ಪಕ್ಷ ಅವಳನ್ನು ಶಿಸ್ತು ಸಮಿತಿಯ ಮುಂದೆ ಕರೆಸಿತು. ನಾನು ಜೊತೆಗೆ ಹೊರಟೆ. ಚಪ್ಪಲಿ ಹಾಕಿಕೊಳ್ಳುವಾಗ ನೋಡಿದರೆ ಅಮ್ಮನೂ ಸೆರಗು ಸರಿಮಾಡಿಕೊಂಡು ನಿಂತಿದ್ದಾಳೆ. ಪಕ್ಷದ ಕಚೇರಿಯ ಮೆಟ್ಟಿಲು ಅವಳು ಅಲ್ಲಿಯವರೆಗೆ ಹತ್ತಿದವಳಲ್ಲ. ಏನಮ್ಮಾ ಅಂದರೆ, "ಅವಳು ಒಬ್ಬಳೇ ಬೈಸ್ಕೊಂಡು ಬರಬೇಕಾ?" ಅಂದಳು.

ಮಹಡಿಯ ಅದೇ ತರಗತಿಯ ಕೋಣೆ. ಮೇಜಿನ ಹಿಂದೆ ಮೂವರು. ನಡುವೆ ಕಾರ್ಯದರ್ಶಿ. ಅವನು ಮೆತ್ತಗೇ ಮಾತಾಡಿದ.

"ಅಕ್ಕ, ಟಿವಿಯವರು ನಿಮ್ಮ ಮಾತನ್ನ ತಿರುಚಿದ್ದಾರೆ ಅಂತ ನಮಗೂ ಗೊತ್ತು. ಅದು ನನ್ನ ಮಾತಲ್ಲ ಅಂತ ಹೇಳಿಬಿಡಿ. ಇಲ್ಲಿಗೇ ಮುಗಿಸೋಣ."

"ಕತ್ತರಿಸಿದ್ದು ಅವರು. ಮಾತು ನನ್ನದೇ."

"ಗೋಲಿಬಾರಿನ ವಿಷಯಾನಾ?"

"ಅದೂ ನನ್ನದೇ. ಶಾಲೆ ವಿಷಯಾನೂ ನನ್ನದೇ. ಅದನ್ನ ಅವರು ತೋರಿಸಲಿಲ್ಲ, ಇದನ್ನ ನೀವು ತೋರಿಸಲ್ಲ. ನಿಮ್ಮಿಬ್ಬರಲ್ಲಿ ನನಗೆ ಯಾವ ವ್ಯತ್ಯಾಸಾನೂ ಕಾಣ್ತಿಲ್ಲ."

ಮೇಜಿನ ಹಿಂದಿದ್ದ ಇನ್ನೊಬ್ಬರು, ಪಕ್ಷದ್ರೋಹ ಅನ್ನುವ ಪದ ತೆಗೆದರು. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಯಾರೂ ಕರೆಯದೆ ಒಳಗೆ ಬಂದಳು.

"ದ್ರೋಹಾನಾ?" ಅಂದಳು. "ನಾನು ಇವಳಿಗೆ ಬಿಟ್ಟುಬಿಡು ಬಿಟ್ಟುಬಿಡು ಅಂತ ಗಂಟಲು ಹರ್ಕೊಂಡೆ. ಬಿಡಲಿಲ್ಲ. ನನ್ನ ಗಂಡನ ಕಾಲು ಹೋದ ಮನೇಲಿ, ನನ್ನೆದುರಿಗೇ ಕೂತು, ನಾನು ಬಡಿಸಿದ ಅನ್ನ ತಿನ್ನುತ್ತಾ ನಿಮ್ಮ ಪರ ಮಾತಾಡಿದವಳು ಇವಳು. ನಿಮ್ಮಲ್ಲಿ ಯಾರಿಗಾದರೂ ನಮ್ಮನೆ ಹೊಸ್ತಿಲು ತುಳಿಯೋ ಮುಖ ಇತ್ತಾ? ಇವಳು ನಿಮ್ಮ ತಪ್ಪನ್ನ ಒಪ್ಕೊಳ್ತಿದ್ದಳು ಅಂತಲೇ ನಾನು ನಿಮ್ಮ ಒಳ್ಳೇದನ್ನೂ ಕೇಳಿಸ್ಕೊಂಡೆ. ಇವಳನ್ನ ತೆಗೆದುಹಾಕಿ. ಆಮೇಲೆ ನಿಮ್ಮ ಮಾತು ಯಾರು ನಂಬ್ತಾರೆ ನೋಡ್ತೀನಿ."

ಕಾರ್ಯದರ್ಶಿಗೆ ಅಮ್ಮ ಯಾರು ಅಂತ ಗೊತ್ತಿತ್ತು. ತರಗತಿಯಲ್ಲಿ ಅವಳ ಗಂಡನ ಕಥೆ ಕೇಳಿಯೇ ಅವನು ಅತ್ತದ್ದು. ಆದರೂ ಕೈ ಎತ್ತಿ ಅಂದಾಗ ಮಿಕ್ಕಿಬ್ಬರ ಜೊತೆ ಅವನ ಕೈಯೂ ಮೇಲೆ ಹೋಯಿತು. ದೊಡ್ಡಮ್ಮನನ್ನು ಪಕ್ಷದಿಂದ ತೆಗೆದರು.

ಅವಳು ಎದೆಯ ಬಿಲ್ಲೆಗೆ ಕೈ ಹಾಕಿದಳು. ಬಿಸಾಡುತ್ತಾಳೆ ಅಂದುಕೊಂಡೆ. ಅದು ಸೊಟ್ಟಗಾಗಿತ್ತಂತೆ, ನೆಟ್ಟಗೆ ಮಾಡಿಕೊಂಡಳು. "ಇದು ಆ ಬೀಗ ಮೀಟಿದವಳು ಕೊಟ್ಟದ್ದು, ನೀವಲ್ಲ" ಅಂತ ಹೇಳಿ ಮೆಟ್ಟಿಲಿಳಿದಳು.

ಕೆಲವು ವಾರ ಕಳೆದ ಮೇಲೆ, ಗೋಡೆಯ ಬರಹ ಬದಲಾಗಿದೆ ಅಂತ ಸುದ್ದಿ ಬಂತು. ಟಿವಿಯ ಗದ್ದಲದಿಂದ ಮುಜುಗರವಾಗಿ ಒಂದು ಸಾಲು ಸೇರಿಸಿದ್ದರು. ದೊಡ್ಡಮ್ಮ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಳಗೆ ಹೋದಳು. ಬಿಳಿ ರಿಬ್ಬನ್ನಿನ ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ, 'ಪಕ್ಷದ ಸುದೀರ್ಘ ಪಯಣದಲ್ಲಿ ಕೆಲವು ಅಹಿತಕರ ಘಟನೆಗಳೂ ನಡೆದವು.'

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಹಿಂದಿದ್ದವರು ಗೊಣಗತೊಡಗಿದರು.

"ನಡೆದವಂತೆ" ಅಂದಳು ನನಗೆ. "ಘಟನೆಗಳಿಗೆ ಕಾಲು ಬಂದು ತಾವೇ ನಡ್ಕೊಂಡು ಬಂದವಾ? ನಡೆಯೋಕೆ ಆಗದ ಹಾಗೆ ಮಾಡಿದ್ದು ಯಾರು ಅಂತ ಬರೆಯೋಕೆ ಜಾಗ ಸಾಲಲಿಲ್ವಾ?"

ಏನೂ ಬರೆಯದೆ ಬಿಟ್ಟಿದ್ದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಒಂದು ಸಾಲಿಗೆ ಬಂತು. ಮನೆಗೆ ಬರುವ ಬಸ್ಸಿನಿಂದ ಇಳಿಯುವಾಗ, "ಮುಂದಿನ ಭಾನುವಾರ ನಿಮ್ಮ ಮುಂದಿನ ಕೋಣೆ ಬೇಕು" ಅಂದಳು.

ಅಮ್ಮ ಕೋಣೆ ಕೊಡಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಡಿಪೋದ ಕಥೆ ಮೊದಲು ಬರಬೇಕು. ದೊಡ್ಡಮ್ಮ ಆಗಲ್ಲ ಅಂದಳು. ಹುಟ್ಟಿದ್ದು ಹೇಳದೆ ಕೊಂದದ್ದು ಹೇಳಿದರೆ ಅದು ಬರೀ ಪೊಲೀಸ್ ವರದಿ. ಹುಟ್ಟಿನಿಂದ ಶುರುಮಾಡಿದರೆ ಕೊಂದದ್ದು ಬರುವಷ್ಟರಲ್ಲಿ ಜನ ಎದ್ದು ಹೋಗುತ್ತಾರೆ ಅಂದಳು ಅಮ್ಮ. ಭಾನುವಾರದವರೆಗೂ ಇದೇ ರಾಮಾಯಣ.

ಆ ದಿನ ಬಂದವರು ಬೆರಳೆಣಿಕೆಯ ಜನ. ಅಂಗಿ ಕಾರ್ಖಾನೆಯ ಇಬ್ಬರು ಹೆಂಗಸರು, ಪಕ್ಷದ ಒಬ್ಬ ಹಳೇ ಸದಸ್ಯರು, ನನ್ನ ಸ್ನೇಹಿತೆ, ಪಕ್ಕದ ಮನೆಯ ವಿರೋಧ ಪಕ್ಷದ ಅಭಿಮಾನಿ, ಅವನು ಬಂದದ್ದು ಜಗಳಕ್ಕೆ. ರಿಪೇರಿಗೆ ಬಂದ ಯಂತ್ರಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದೆವು. ಅಪ್ಪ ತನ್ನ ಮೂಲೆಯಲ್ಲೇ ಇದ್ದ.

ದೊಡ್ಡಮ್ಮ ಗಿರಣಿ ಗೇಟಿನಿಂದ ಶುರುಮಾಡಿದಳು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಬೇಗ ಬೇಗ" ಅನ್ನುತ್ತಿದ್ದಳು. ಮೇಜು ಕುಟ್ಟಿದ ವಿಷಯಕ್ಕೆ ಪಕ್ಕದ ಮನೆಯವನು ರೇಗಿದ. ದೊಡ್ಡಮ್ಮ ಅವನಿಗೆ ಅಂದಿನ ಸಭೆಯ ಮಾತನ್ನೆಲ್ಲ ಸಣ್ಣ ದನಿಯಲ್ಲಿ ಬಿಡಿಸಿ ಹೇಳಿದಳು. ಅಲ್ಲಿಂದ ಮತ್ತೆ ಡಿಪೋಗೆ ಬಂದಾಗ ಅಮ್ಮ ಮಧ್ಯೆ ಬಾಯಿ ಹಾಕಿ ತಾನೇ ಹೇಳತೊಡಗಿದಳು. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು, ಕೇಳುವವರು ಮುಖ ಮುಖ ನೋಡಿಕೊಂಡರು.

ಆಗ ಅಪ್ಪ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ನನ್ನನ್ನ ಎತ್ಕೊಂಡು ಓಡಿದವನ ಎದೆ ಮೇಲೆ ಪಕ್ಷದ ಬಿಲ್ಲೆ ಇತ್ತು" ಅಂದ. "ಅದು ನನ್ನ ಕೆನ್ನೆಗೆ ಚುಚ್ತಿತ್ತು. ಮಂಡಿ ನೋವಿಗಿಂತ ಅದೇ ನೆನಪಿದೆ. ಅದನ್ನೂ ಹೇಳಿ."

ದೊಡ್ಡಮ್ಮ ಅವನತ್ತ ತಿರುಗಿದಳು. ದನಿ ಪೂರ್ತಿ ತಗ್ಗಿತ್ತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅಮ್ಮನೂ ಅಷ್ಟೇ ಸಿಟ್ಟಿನಲ್ಲಿ, "ನನಗೂ ಹೇಳಿಲ್ವಲ್ಲ" ಅಂದಳು.

"ಈ ಮನೇಲಿ ನನಗೆ ಮಾತಾಡೋ ಸರದಿ ಯಾವಾಗ ಬಂತು ಅತ್ತಿಗೆ?" ಅಂತ ಅಪ್ಪ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ.

ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು. ಪಕ್ಕದ ಮನೆಯವನು ಜಗಳ ನಿಲ್ಲಿಸಲು ನೋಡಿ ಅವನೂ ಬೈಸಿಕೊಂಡ. ಆ ಗದ್ದಲ ಅಡಗಿದ ಮೇಲೆ ದೊಡ್ಡಮ್ಮ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಚಾಪೆಯ ಮೇಲಿದ್ದವರಿಗೆ ಡಿಪೋದ ಆ ದಿನವನ್ನು ಮೊದಲಿನಿಂದ ಹೇಳಲು ಶುರುಮಾಡಿದಳು.